ನಾನು ಕೂತಿದ್ದ ಕಲ್ಲು

ನಮ್ಮೂರಿನಲ್ಲಿ ಪ್ರತಿ ಮದುವೆಯೂ ಎರಡು ಸಲ ಆಗುತ್ತದೆ. ಮೊದಲನೆಯದು ಹಂದರದ ಕೆಳಗೆ. ಎರಡನೆಯದು ಮರುವರ್ಷ ಅದೇ ತಿಥಿಗೆ, ಅದೇ ಹೊತ್ತಿಗೆ, ಊರ ಬೆನ್ನಿಗಿರುವ ಕರೇಗುಡ್ಡದಿಂದ. ಎರಡನೆಯದರಲ್ಲಿ ಊಟವಿಲ್ಲ, ಸದ್ದು ಮಾತ್ರ. ಹೋದ ವರ್ಷ ಬಡಿದ ಡೊಳ್ಳು, ಊದಿದ ಶಹನಾಯಿ, ಬೀಗರ ಜಗಳ, ಹಡೆದವ್ವನ ಅಳು ಎಲ್ಲವೂ ಗುಡ್ಡದಿಂದ ಇಳಿದು, ಊರ ಮೇಲೆ ಹಾದು, ಹೊಳೆಯತ್ತ ಹೋಗಿ ತೀರುತ್ತವೆ. ದಿನನಿತ್ಯದ ಮಾತುಕತೆಯನ್ನು ಗುಡ್ಡ ಇಟ್ಟುಕೊಳ್ಳುವುದಿಲ್ಲ, ಪುಣ್ಯ. ಅದನ್ನು ಎಬ್ಬಿಸುವುದು ದೊಡ್ಡ ಸದ್ದು. ಆದರೆ ಒಮ್ಮೆ ಎದ್ದಿತೆಂದರೆ ಸಣ್ಣದು ದೊಡ್ಡದು ನೋಡದೆ ಎಲ್ಲವನ್ನೂ ಬಾಚಿ ಇಟ್ಟುಕೊಳ್ಳುತ್ತದೆ. ತಿರುಗಿ ಕೊಡುವುದು ಮಾತ್ರ ಕಣದಲ್ಲಿ ರಾಶಿ ತೂರಿದ ಹಾಗೆ, ಭಾರದ್ದು ಮೊದಲು, ಹಗುರದ್ದು ಆಮೇಲೆ. ಹಾಗಾಗಿಯೇ ಗಾಣಿಗೇರ ಮನೆಯ ಮದುವೆಯಲ್ಲಿ, ಡೊಳ್ಳಿನ ನಡುವೆ ಯಾರಿಗೂ ಕೇಳದು ಎಂಬ ಧೈರ್ಯದಿಂದ ವರನ ಅತ್ತೆ ಪಕ್ಕದವಳ ಕಿವಿಯಲ್ಲಿ "ಹುಗ್ಗಿಗೆ ಬೆಲ್ಲಾ ಹಾಕಿಲ್ಲ, ಹುಡುಗಿಗೆ ಬಣ್ಣಾ ಹಾಕಿಲ್ಲ" ಅಂದದ್ದು, ವರ್ಷದ ಮೇಲೆ ಡೊಳ್ಳೆಲ್ಲ ಮುಗಿದ ಬಳಿಕ ಸ್ವಚ್ಛವಾಗಿ ಇಡೀ ಊರಿಗೆ ಕೇಳಿತು. ಆ ಎರಡು ಮನೆಯವರು ಇವತ್ತಿಗೂ ಒಂದೇ ಬಾವಿಗೆ ಬರುವುದಿಲ್ಲ.

ನಾನು ಸಾರುವ ಮನೆಯ ದುರಗವ್ವ. ಊರಲ್ಲಿ ದೊಡ್ಡ ಸದ್ದು ಯಾವತ್ತು ಆಯಿತು, ಯಾವ ಹೊತ್ತಿಗೆ ಆಯಿತು ಎಂಬುದನ್ನು ಹುರಿಗೆ ಗಂಟು ಹಾಕಿ ನೆನಪಿಡುವುದು, ವರ್ಷ ತುಂಬಿದ ದಿನ ಬೆಳಗ್ಗೆ ಮನೆಮನೆಗೆ ಹೋಗಿ ತಿಳಿಸುವುದು ನಮ್ಮ ಮನೆತನದ ಹೆಣ್ಣುಮಕ್ಕಳ ಕೆಲಸ. ನಮ್ಮವ್ವ ಸತ್ತಾಗ ಅವಳ ಮೈಮೇಲಿನ ಬಂಗಾರ ಯಾರ ಪಾಲಿಗೆ ಹೋಯಿತೋ, ಹುರಿ ಮಾತ್ರ ನನ್ನ ಸೊಂಟಕ್ಕೆ ಬಂತು. "ಇವತ್ತ ಹೊತ್ತು ನೆತ್ತಿಗೆ ಬರೋ ಮುಂದ ಗೌಡ್ರ ಬಾವಿ ತೋಡಾಕ ಹಾರಿಸಿದ ಮದ್ದಿನ ಸದ್ದು ಬರತೈತಿ, ಬಾಗಲಾ ಹಾಕ್ಕೋರಿ" ಎಂದರೆ ಆ ಹೊತ್ತಿಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಬಾಯಿ ಮುಚ್ಚಿಕೊಂಡು ಕೂರುತ್ತದೆ. ಯಾಕೆಂದರೆ ತಾನು ಮಾತಾಡುವಾಗ ಗುಡ್ಡ ಎಚ್ಚರವಾಗಿಯೇ ಇರುತ್ತದೆ. ಒಮ್ಮೆ ಕೊಟ್ಟದ್ದನ್ನು ಅದು ಮತ್ತೆ ತೆಗೆದುಕೊಳ್ಳುವುದಿಲ್ಲ, ಆದರೆ ಆಗ ಬಾಯಿ ಬಿಟ್ಟವರ ಮಾತು ಮುಂದಿನ ವರ್ಷಕ್ಕೆ ಸೇರುತ್ತದೆ. ಕಮ್ಮಾರರು, ಕಂಚುಗಾರರು, ಗಿರಣಿಯವರು, ಹೀಗೆ ಸದ್ದಿನ ಕಸುಬಿನವರೆಲ್ಲ ಹೊಳೆಯಾಚೆ ಇದ್ದಾರೆ. ಅಲ್ಲಿಯದು ಗುಡ್ಡಕ್ಕೆ ಕೇಳುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಗಂಟೂ ತಪ್ಪಿರಲಿಲ್ಲ. ಊರಲ್ಲಿ ಯಾರಿಗೆ ಏನು ಕೇಳುತ್ತದೆ ಎಂಬುದು ನನಗೆ ಗೊತ್ತಿಲ್ಲದೆ ಇಲ್ಲ ಎಂಬ ಸೊಕ್ಕು ನನಗಿತ್ತು. ದೀಪದ ಬುಡದಲ್ಲಿ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ನನ್ನ ತಮ್ಮ ದ್ಯಾಮಣ್ಣ ದಂಡಿಗೆ ಸೇರಿ, ಮಂಜು ಬೀಳುವ ಯಾವುದೋ ಗಡಿಯಲ್ಲಿ ನಾಲ್ಕು ವರ್ಷ ಕಾದಾಡಿದ. ನಮ್ಮೂರಿಂದ ಹೋದವರು ಮೂವರು. ಎರಡು ಮನೆಗೆ ಕಾಗದ ಬಂತು, ನಮ್ಮ ಮನೆಗೆ ತಮ್ಮ ಬಂದ. ಶೀಗಿ ಹುಣ್ಣಿಮೆ ಮುಗಿದ ಮೂರನೆಯ ದಿನ, ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಊರ ಅಗಸಿಬಾಗಿಲ ಮುಂದೆ ಬಸ್ಸಿನಿಂದ ಇಳಿದ. ಗೌಡರು ಹನ್ನೆರಡು ಡೊಳ್ಳು ತರಿಸಿದ್ದರು, ಅಗಸಿಯಿಂದ ಚಾವಡಿಯವರೆಗೆ ಪಟಾಕಿಯ ಸರ ಹಾಸಿಸಿದ್ದರು. ಮುಂದಿನ ವರ್ಷ ಕೇಳಿದರೂ ಮೈ ಜುಮ್ಮೆನ್ನಬೇಕು, ಹಾಗೆ ಬಡಿಯಿರಿ ಎಂದು ಅವರೇ ನಿಂತು ಹೇಳಿದ್ದರು. ನಾನು ಆ ದಿನದ ಗಂಟಿಗೆಂದೇ ಕೆಂಪು ದಾರ ತೆಗೆದಿಟ್ಟುಕೊಂಡಿದ್ದೆ. ತಮ್ಮನ ಮಗಳು ಚಂಪಾಗೆ ಆಗ ನಾಲ್ಕು ವರ್ಷ, ಅಪ್ಪನ ಮುಖವನ್ನು ಪಟದಲ್ಲಿ ಬಿಟ್ಟರೆ ಕಂಡವಳಲ್ಲ. ಅವಳ ಕೈಗೆ ಹಾರ ಕೊಟ್ಟು ಅವನ ತೋಳಿಗೆ ಎತ್ತಿ ಕೊಟ್ಟವಳೂ ನಾನೇ.

ಪಟಾಕಿಗೆ ಬೆಂಕಿ ಬಿತ್ತು. ದ್ಯಾಮಣ್ಣ ನಿಂತಲ್ಲೇ ಕುಸಿದ. ಕುಸಿದ ಎಂದರೆ ತಲೆ ತಿರುಗಿ ಬಿದ್ದದ್ದಲ್ಲ, ಯಾರೋ ಕಲಿಸಿಕೊಟ್ಟ ಹಾಗೆ ಬಿದ್ದ. ಮಗುವನ್ನು ಎದೆಯ ಕೆಳಗೆ ಹಾಕಿಕೊಂಡು, ಮುಖ ಮಣ್ಣಿಗೆ ಒತ್ತಿ, ಮೊಣಕೈ ಊರಿ ಪಕ್ಕದಲ್ಲಿ ನಿಂತಿದ್ದ ಗಾಡಿಯ ಗಾಲಿಯ ಕಡೆಗೆ ತೆವಳಿದ. ಮಗು ಚೀರುತ್ತಿತ್ತು. ಅವನ ತೋಳಿನಿಂದ ಅವಳನ್ನು ಬಿಡಿಸಲು ನಾಲ್ಕು ಜನ ಬೇಕಾಯಿತು. ಬಿಡಿಸಿದಾಗ ಅವಳ ಎಡಗೈ ಮೊಣಕೈಯ ಹತ್ತಿರ ಆಗಬಾರದ ಕಡೆಗೆ ತಿರುಗಿತ್ತು. ಅವನ ಕಣ್ಣು ತೆರೆದಿದ್ದವು, ಆದರೆ ನಮ್ಮಲ್ಲಿ ಯಾರನ್ನೂ ಅವು ನೋಡುತ್ತಿರಲಿಲ್ಲ. ಆ ಮುಖ ನನ್ನ ತಮ್ಮನದು ಎಂದು ನನಗೆ ಗುರುತೇ ಹತ್ತಲಿಲ್ಲ. ಹಿಂದಿನ ಸಾಲಿನ ಡೊಳ್ಳಿನವರಿಗೆ ಇದೇನೂ ಕಾಣದೆ ಅವರು ಇನ್ನಷ್ಟು ಹುರುಪಿನಿಂದ ಬಡಿಯುತ್ತಲೇ ಇದ್ದರು.

ಆಗ ದಾರಿ ತೋರಿಸಿದವರು ಹವಾಲ್ದಾರ ಇಮಾಮಸಾಬರು. ಮೂವತ್ತು ವರ್ಷದ ಹಿಂದಿನ ಇನ್ನೊಂದು ಕಾಳಗದಿಂದ ಬಂದವರು. ನಮಗೆಲ್ಲ ಹವಾಲ್ದಾರ ಕಾಕಾ. ಗುಡ್ಡ ಮಾತಾಡುವ ದಿನ ಅವರು ತಂಬಾಕಿನ ಚಂಚಿ ಹಿಡಿದು ತಮ್ಮ ಹಿತ್ತಲಿನ ಹಗೇವಿಗೆ ಇಳಿದುಬಿಡುತ್ತಾರೆ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು, ಮೇಲೆ ಕಲ್ಲು ಎಳೆದರೆ ಒಳಗೆ ಪಿಟ್ ಎನ್ನುವ ಸದ್ದು ಇಳಿಯುವುದಿಲ್ಲ. ಎಲ್ಲ ಮುಗಿದ ಮೇಲೆ ಗಡ್ಡದ ಧೂಳು ಕೊಡವಿಕೊಂಡು ಎದ್ದು ಬರುತ್ತಾರೆ. ಊರು ಮೊದಮೊದಲು ನಕ್ಕಿತ್ತು, ಆಮೇಲೆ ರೂಢಿಯಾಯಿತು. "ಹಗೇವಿಗೆ ಇಳಿಸ್ರಿ. ನನಗ ಅದ ಮದ್ದಾತು" ಅಂದರು ಕಾಕಾ. ನಾವು ದ್ಯಾಮಣ್ಣನನ್ನು ಹೊತ್ತುಕೊಂಡು ಮನೆಗೆ ಓಡಿದೆವು.

ಜೋಳ ತೀರಿ ನಮ್ಮ ಹಗೇವು ಖಾಲಿ ಬಿದ್ದಿತ್ತು. ಕೈ ಎತ್ತಿದರೆ ಬೆರಳ ತುದಿ ಕಲ್ಲಿಗೆ ತಾಗುವಷ್ಟು ಆಳ, ತಳದಲ್ಲಿ ಕರೇಗುಡ್ಡದ್ದೇ ಬಂಡೆ. ಗಾಳಿ ಕೆಟ್ಟಿರಬಾರದೆಂದು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡಿದೆ, ಆರಲಿಲ್ಲ. ಅವನನ್ನು ಇಳಿಸಿದರು, ಮೇಲೆ ಕಲ್ಲು ಎಳೆದರು. ಗಂಡಸರು ಮಗುವನ್ನು ಎತ್ತಿಕೊಂಡು ಎಲುಬು ಕೂಡಿಸುವವನ ಮನೆಗೆ ಓಡಿದರು, ತಮ್ಮನ ಹೆಂಡತಿ ರೇಣವ್ವ ಅವರ ಹಿಂದೆ ಓಡಿದಳು. ನಾನು ಆ ಕಲ್ಲಿನ ಮೇಲೆ ಕೂತೆ. ಯಾಕೆ ಕೂತೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಅವನನ್ನು ಕಾಯಲು ಎಂದು ಆಗ ಅಂದುಕೊಂಡಿದ್ದೆ. ನಿಜ ಹೇಳುತ್ತೇನೆ, ಅವನು ಹೊರಗೆ ಬಂದಾನು ಎಂಬ ಹೆದರಿಕೆಗೆ ಕೂತೆ. ಬೀದಿಯಲ್ಲಿ ಡೊಳ್ಳು ಅರ್ಧ ತಾಸು ನಡೆಯಿತು. ನಡುವೆ ಒಂದೆರಡು ಸಲ ಕಲ್ಲು ಅಲುಗಿದ ಹಾಗಾಯಿತು, ಡೊಳ್ಳಿನ ಹೊಡೆತಕ್ಕೆ ನೆಲವೇ ನಡುಗುತ್ತಿದೆ ಅಂದುಕೊಂಡೆ.

ಕಲ್ಲು ಸರಿಸಿ ಹಗ್ಗ ಬಿಟ್ಟಾಗ ಅವನು ತಾನಾಗಿ ಹತ್ತಿ ಬಂದ. ನೀರು ಕೊಟ್ಟರೆ ಕುಡಿದ, ಕೂರೆಂದರೆ ಕೂತ. ಕೈಬೆರಳಿನ ಉಗುರುಗಳು ಸೀಳಿ ರಕ್ತ ಬಂದಿತ್ತು, ಅಗಸಿಯ ಮುಂದೆ ತೆವಳಿದ್ದಕ್ಕೆ ಹಾಗಾಗಿರಬೇಕೆಂದು ಅರಿಸಿನ ಹಚ್ಚಿದೆ. ಸಂಜೆ ಬಂದವರಿಗೆಲ್ಲ, ಹಗೇವಿನಿಂದ ಬಂದವನು ಆಕಳಿನಂತಾಗಿದ್ದಾನೆ ನೋಡಿ ಎಂದು ಹೆಮ್ಮೆಯಿಂದ ತೋರಿಸಿದೆ.

ಅಂದಿನಿಂದ ಊರು ಅವನಿಗಾಗಿ ಮಾಡಿದ್ದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಸದ್ದಿನ ಕಷ್ಟ ನಮ್ಮಷ್ಟು ಬಲ್ಲವರು ಯಾರು? ಗೌಡರು ಚಾವಡಿಗೆ ಜನ ಸೇರಿಸಿ, ಒಂದು ವರ್ಷ ಊರಲ್ಲಿ ಡೊಳ್ಳಿಲ್ಲ, ಮದ್ದಿಲ್ಲ, ಮದುವೆಗಳು ಹೊಳೆಯಾಚೆಯೇ ಆಗಲಿ ಎಂದರು. ಒಬ್ಬರೂ ಎದುರಾಡಲಿಲ್ಲ. ದನಗಳ ಕೊರಳ ಗಂಟೆ ಬಿಚ್ಚಿದರು. ಬಾವಿಯ ಗಾಲಿಗೆ ಎಣ್ಣೆ ಬಿಟ್ಟರು. ನಮ್ಮ ಓಣಿಯಲ್ಲಿ ಹಾದುಹೋಗುವವರು ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದರು. ಇನ್ನು ಹಿಂದಿನ ವರ್ಷದ ಸದ್ದುಗಳು ಬರುವ ದಿನಗಳಲ್ಲಿ, ಅದು ಮದುವೆಯಿರಲಿ, ಬಾವಿಯ ಮದ್ದಿರಲಿ, ನಾನು ಊರಿಗೆಲ್ಲ ಸಾರಿ ಬಂದು ತಮ್ಮನನ್ನು ಹಗೇವಿಗೆ ಇಳಿಸಿ ಕಲ್ಲಿನ ಮೇಲೆ ಕೂರುತ್ತಿದ್ದೆ. ಆ ವರ್ಷ ಸುಗ್ಗಿಯ ಜೋಳವನ್ನು ಹಗೇವಿಗೆ ತುಂಬಲೇ ಇಲ್ಲ. ಚೀಲದಲ್ಲಿ ಇಟ್ಟು ನುಸಿ ಹಿಡಿಸಿಕೊಂಡೆವು.

ಮನೆಯೊಳಗೆ ನನ್ನ ಕಾವಲು ಇನ್ನೂ ಬಿಗಿ. ರೇಣವ್ವ ರೊಟ್ಟಿ ಬಡಿಯುವಾಗ ದ್ಯಾಮಣ್ಣ ಒಲೆಯ ಪಕ್ಕ ಬಂದು ಗೋಡೆಗೊರಗಿ ಕೂರುತ್ತಿದ್ದ. ಪಟಪಟ ಸದ್ದು ನಡೆದ ಹಾಗೆ ಅವನ ಕತ್ತು ವಾಲಿ ಕಣ್ಣು ಮುಚ್ಚುತ್ತಿದ್ದವು. ನಾನು ನೋಡಿ ಹೌಹಾರಿದೆ. ಇನ್ನು ಮೇಲೆ ರೊಟ್ಟಿ ಬಡಿಯಬೇಡ, ಲಟ್ಟಣಿಗೆಯಲ್ಲಿ ಲಟ್ಟಿಸು ಎಂದೆ. ರೇಣವ್ವ ನನಗೆ ಎದುರಾಡುವ ಹೆಣ್ಣಲ್ಲ, ಆ ದಿನ ಮಾತ್ರ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೇಳಿದಳು, "ಅಕ್ಕಾರ, ರೊಟ್ಟಿ ಬಡಿಯೋ ಮುಂದಷ್ಟ ಅವ್ರು ನಿದ್ದಿ ಮಾಡ್ತಾರ್ರಿ."

"ಅದು ನಿದ್ದಿ ಅಲ್ಲವ್ವಾ, ಎಚ್ಚರ ತಪ್ಪೂದು" ಎಂದೆ ನಾನು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅವನು ಸೊರಗುತ್ತ ಹೋದ. ಮನೆ ಎಷ್ಟು ಮೌನವಾಯಿತೋ ಅವನು ಅಷ್ಟು ಚಡಪಡಿಸಿದ. ಮಂಚದ ಕಾಲನ್ನೋ ಹಿತ್ತಾಳೆಯ ಚೊಂಬನ್ನೋ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದ, ತಟ್ಟಿ ಕಿವಿಗೊಟ್ಟು ಕೂರುತ್ತಿದ್ದ, ಮತ್ತೆ ಎರಡು ಸಲ ತಟ್ಟುತ್ತಿದ್ದ. ನಾನು ಚೊಂಬು ತೆಗೆದಿಟ್ಟು ಮಣ್ಣಿನ ಕುಡಿಕೆ ಕೊಟ್ಟೆ. ಚಂಪಾಳ ಕೈ ಕೂಡಿಕೊಂಡಿತ್ತು, ಆದರೆ ಅಪ್ಪ ಅವಳನ್ನು ಎತ್ತಿಕೊಳ್ಳುತ್ತಿರಲಿಲ್ಲ, ಎರಡು ಮಾರು ದೂರದಲ್ಲಿಯೇ ಇಡುತ್ತಿದ್ದ. ಒಂದು ಮಧ್ಯಾಹ್ನ ಅವನು ಗೋಡೆಗೆ ಎರಡು ಸಲ ತಟ್ಟಿದಾಗ, ಆಚೆಯ ಕೋಣೆಯಿಂದ ಆ ಹುಡುಗಿ ಕಡಗೋಲಿನಿಂದ ಎರಡು ಸಲ ತಟ್ಟಿದಳು. ದ್ಯಾಮಣ್ಣನ ಮುಖ ಬೆಳಗಿತು. ಮತ್ತೆ ತಟ್ಟಿದ, ಅವಳೂ ತಟ್ಟಿದಳು. ನಾನು ಒಳಗೆ ಹೋಗಿ ಕಡಗೋಲು ಕಿತ್ತುಕೊಂಡು ಅವಳ ಬೆನ್ನಿಗೊಂದು ಕೊಟ್ಟು ಬಂದೆ. ಅಪ್ಪನಿಗೆ ಆಗುವುದಿಲ್ಲ ಅಂತ ಗೊತ್ತಿಲ್ಲವೇ ನಿನಗೆ ಎಂದು ಬೈದೆ. ಅವನು ಆಚೆ ಕೂತು ಇನ್ನೂ ತಟ್ಟುತ್ತಲೇ ಇದ್ದ.

ವರ್ಷ ತುಂಬುತ್ತ ಬಂದಂತೆ ಊರಿನವರೆಲ್ಲ ನನ್ನ ಸೊಂಟದ ಕೆಂಪು ಗಂಟನ್ನೇ ನೋಡತೊಡಗಿದರು. ಹನ್ನೆರಡು ಡೊಳ್ಳು, ಅಗಸಿಯಿಂದ ಚಾವಡಿಯವರೆಗಿನ ಪಟಾಕಿ, ಅಷ್ಟೂ ಒಮ್ಮೆಗೇ ಇಳಿಯುವುದಿತ್ತು. ರೇಣವ್ವನ ತವರಿನವರು ಬಂದು ಗೌಡರ ಮುಂದೆ ಕೂತರು. ಮೊಮ್ಮಗಳ ಕೈ ಒಮ್ಮೆ ಮುರಿದದ್ದು ಸಾಕು, ಈ ಸಲ ಅವನಿಗೆ ಮತ್ತೆ ಹಾಗಾದರೆ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋಗುತ್ತೇವೆ ಎಂದರು. ಗೌಡರಿಗೂ ಬೇರೆ ದಾರಿ ಕಾಣಲಿಲ್ಲ. ಆ ದಿನ ಅವನು ಶಾಂತವಾಗಿ ದಾಟಿದರೆ ಮನೆ ಒಟ್ಟಾಗಿರಲಿ, ಇಲ್ಲವಾದರೆ ಹೆಂಡತಿ ಮಗು ತವರಿಗೆ, ಅವನೊಬ್ಬ ಹೊಳೆಯಾಚೆಗೆ ಎಂದು ತೀರ್ಮಾನ ಮಾಡಿದರು. ನನಗಂತೂ ಧೈರ್ಯವಿತ್ತು. ಅಷ್ಟು ಸಲ ಹಗೇವಿಗೆ ಇಳಿಸಿದ್ದೇನೆ, ಅಷ್ಟೂ ಸಲ ಆಕಳಿನಂತೆ ಎದ್ದು ಬಂದಿದ್ದಾನೆ. ಇನ್ನೊಂದು ಸಲ, ಅಷ್ಟೇ.

ಆ ದಿನ ಬೆಳಗ್ಗೆ ಬೇಗ ಎದ್ದು ಊರೆಲ್ಲ ಸಾರಿ ಬಂದೆ. ಗೌಡರು ತಾವೇ ನೋಡಬೇಕೆಂದು ನಮ್ಮ ಹಿತ್ತಲಿಗೆ ಬಂದು ಕೂತಿದ್ದರು. ಹವಾಲ್ದಾರ ಕಾಕಾ ಕಿವಿಗೆ ಅರಳೆ ತುರುಕಿಕೊಂಡು ಬಂದಿದ್ದರು. ಆ ದಿನ ತಾವು ಇಳಿಯುವುದಿಲ್ಲ, ಹುಡುಗನ ಜೊತೆಗಿರುತ್ತೇನೆ ಎಂದರು. ರೇಣವ್ವ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ನಾನು ದೀಪ ಇಳಿಸಿ ನೋಡಿದೆ. ದ್ಯಾಮಣ್ಣ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು, ಯಾರೂ ಹೇಳದೆ ತಾನೇ ಹಗ್ಗ ಹಿಡಿದ. ಇಳಿಯುವ ಮುಂಚೆ ನನ್ನನ್ನು ನೋಡಿದ.

"ಲಗೂ ಮುಗೀತೈತೇನಕ್ಕಾ?"

ಮುಗಿಯುತ್ತದೆ, ಹೋಗು ಎಂದೆ. ಅವನು ಇಳಿದ. ಗೌಡರ ಆಳುಗಳು ಕಲ್ಲು ಎಳೆದರು, ನಾನು ಸೆರಗು ಸರಿಮಾಡಿಕೊಂಡು ಅದರ ಮೇಲೆ ಕೂತೆ.

ಗುಡ್ಡ ಬಾಯಿ ಬಿಟ್ಟಿತು. ಮೊದಲು ಪಟಾಕಿ, ಆಮೇಲೆ ಹನ್ನೆರಡು ಡೊಳ್ಳು. ಹಂಚು ನಡುಗಿದವು, ಕಾಗೆಗಳು ಎದ್ದು ಹೋದವು. ಹವಾಲ್ದಾರ ಕಾಕಾ ಮಂಡಿಯ ನಡುವೆ ತಲೆ ಇಟ್ಟುಕೊಂಡು ಕೂತರು. ಭಾರದ್ದೆಲ್ಲ ಹಾದುಹೋದ ಮೇಲೆ ಜನರ ಜೈಕಾರ ಬಂತು, ಜೈಕಾರದ ಹಿಂದೆ ಚಂಪಾಳ ಚೀರಾಟ ಬಂತು. ಮಡಿಲಲ್ಲಿದ್ದ ಹುಡುಗಿ ತನ್ನದೇ ಚೀರಾಟ ಕೇಳಿ ತನ್ನ ಎಡಗೈಯನ್ನು ಹಿಡಿದುಕೊಂಡಳು. ಆಮೇಲೆ ಹೆಂಗಸರ ಅಯ್ಯಯ್ಯೋ, ಕಾಕಾನ ಮಾತು, ನಮ್ಮ ಓಟದ ಹೆಜ್ಜೆ, ಕಲ್ಲು ಎಳೆದ ಸದ್ದು. ಇನ್ನೇನು ಮುಗಿಯಿತು, ತಮ್ಮ ಗೆದ್ದ ಎಂದು ನಾನು ಉಸಿರು ಬಿಟ್ಟೆ. ಗೌಡರೂ ಮೇಲೇಳಲು ಕೋಲು ಊರಿದರು.

ಆಗ ಒಂದು ದನಿ ಬಂತು. ಬಹಳ ಹಗುರದ್ದು, ಅದಕ್ಕೇ ಎಲ್ಲದರ ಕೊನೆಗೆ ಉಳಿದಿತ್ತು. ಮೊದಲಿಗೆ ಯಾರದೆಂದು ತಿಳಿಯಲಿಲ್ಲ.

"ಅಕ್ಕಾ, ಕಲ್ಲು ತೆಗಿ."

ಅದು ನನ್ನ ತಮ್ಮನ ದನಿ, ಹಗೇವಿನ ತಳದ ಬಂಡೆಯಿಂದ ಗುಡ್ಡಕ್ಕೆ ಸೇರಿದ್ದು.

"ಅಕ್ಕಾ, ಕಲ್ಲು ತೆಗಿ. ಇಲ್ಲೆ ಸದ್ದಿಲ್ಲ. ಮಾದು ಬಡಿಯೂದು ನಿಂತೈತಿ. ಮಾದೂ, ಡಬ್ಬಿ ಬಡಿಯೋ. ಎರಡ ಸಲ ಬಡಿ ಸಾಕು, ನಾ ಕೇಳ್ತೇನಿ. ಅಕ್ಕಾ, ನೀ ಅದಿ ಅಲ್ಲೇನು? ಕಲ್ಲು ತೆಗಿಯ ಅಕ್ಕಾ."

ಬಾಗಿಲು ಹಾಕಿಕೊಂಡು ಬಾಯಿ ಮುಚ್ಚಿಕೊಂಡು ಕೂತಿದ್ದ ಇಡೀ ಊರು ಇದನ್ನು ಕೇಳಿತು. ಎಷ್ಟು ಹೊತ್ತು ನಡೆಯಿತೋ, ಅವನು ನನ್ನನ್ನು ಎಷ್ಟು ಸಲ ಕರೆದನೋ, ಎಣಿಸುವುದೇ ಕಸುಬಾದ ನಾನು ಎಣಿಸಲಿಲ್ಲ. ಕೊನೆಗೆ ಮಾತು ನಿಂತು ಗರಗರ ಎಂಬ ಸದ್ದು ಉಳಿಯಿತು. ಉಗುರಿನಿಂದ ಕಲ್ಲು ಕೆರೆಯುವ ಸದ್ದು. ಒಂದು ವರ್ಷದ ಹಿಂದಿನ ಆ ಸದ್ದು ಗುಡ್ಡದಿಂದ ಬರುತ್ತಿತ್ತು, ಅದೇ ಸದ್ದು ನಾನು ಕೂತ ಕಲ್ಲಿನ ಕೆಳಗಿನಿಂದಲೂ ಬರುತ್ತಿತ್ತು.

ನಾಲ್ಕು ಆಳು ಎಳೆಯುವ ಕಲ್ಲು ಅದು. ಹೇಗೆ ಸರಿಸಿದೆವೋ ತಿಳಿಯದು, ನಾನು ಮತ್ತು ರೇಣವ್ವ ಇಬ್ಬರೇ ಸರಿಸಿದೆವು. ಅವನು ಹಗೇವಿನ ನಡುವೆ ತುದಿಗಾಲಲ್ಲಿ ನಿಂತು ಎರಡೂ ಕೈ ಮೇಲೆತ್ತಿದ್ದ. ಬೆರಳುಗಳಿಂದ ರಕ್ತ ಮೊಣಕೈಯವರೆಗೆ ಇಳಿದಿತ್ತು. ಕಲ್ಲು ಸರಿದದ್ದೂ ತಿಳಿಯದೆ ಬರೀ ಗಾಳಿಯನ್ನು ಕೆರೆಯುತ್ತಿದ್ದ. ಅಯ್ಯೋ, ಇಷ್ಟು ದಿನ ನಾನು ಇದರ ಮೇಲೆ ಕೂತಿದ್ದೆ. ಮೇಲೆ ಎಳೆದುಕೊಂಡ ಮೇಲೆ ಅವನ ಮುಖ ಹಿಡಿದುಕೊಂಡು, ಇಡೀ ವರ್ಷ ಒಂದು ಮಾತು ಯಾಕೆ ಹೇಳಲಿಲ್ಲವೋ ಎಂದು ಕೇಳಿದೆ. ಅವನು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಬರೀ ಅಚ್ಚರಿ ಇತ್ತು.

"ಹೇಳಿದೆನಲ್ಲ ಅಕ್ಕಾ."

ಅವನೇ ಮುಂದುವರಿಸಿದ, "ನೀ ಮ್ಯಾಲೆ ಕುಂತಿದ್ದಿಯಲ್ಲ. ಕೇಳಿರತೈತಿ ಅಂತ ತಿಳಿದಿದ್ದೆ."

ಅಂದರೆ ಅವನು ಕೂಗಿದ್ದೆಲ್ಲ ನನಗೆ ಕೇಳುತ್ತಿದೆ, ಕೇಳಿಯೂ ನಾನು ಏಳುತ್ತಿಲ್ಲ, ಅಕ್ಕ ಹಾಗೆ ಮಾಡಬೇಕಾದರೆ ಏನೋ ಕಾರಣವಿರಬೇಕು ಎಂದು ಒಂದು ವರ್ಷ ನಂಬಿಕೊಂಡಿದ್ದ. ನಂಬಿಕೊಂಡೇ ಪ್ರತಿ ಸಲ ತಾನಾಗಿ ಹಗ್ಗ ಹಿಡಿದಿದ್ದ. ನಾನು ಹಿತ್ತಲ ಮಣ್ಣಿನಲ್ಲಿ ಕೂತುಬಿಟ್ಟೆ.

ರೇಣವ್ವ ಎದ್ದು ಒಳಗೆ ಹೋದಳು. ಯಾರನ್ನೂ ಕೇಳಲಿಲ್ಲ. ಹಿಟ್ಟು ನಾದಿ ಮರದ ಕೊಣಮಿಗೆಯಲ್ಲಿ ರೊಟ್ಟಿ ಬಡಿಯತೊಡಗಿದಳು, ಓಣಿಗೆಲ್ಲ ಕೇಳುವಂತೆ ಬಡಿದಳು. ದ್ಯಾಮಣ್ಣ ಆ ಸದ್ದಿನ ಬೆನ್ನು ಹಿಡಿದು ಒಳಗೆ ಹೋಗಿ ಗೋಡೆಗೊರಗಿ ಕೂತ. ರೊಟ್ಟಿಯ ಸದ್ದಿನ ನಡುವೆಯೇ, ನಾವು ಕೇಳದಿದ್ದರೂ ಹೇಳಿದ. ಮಂಜು ಕುಸಿದು ಅವನೂ ಮಾದು ಎಂಬ ಜೊತೆಗಾರನೂ ನೆಲಮನೆಯಲ್ಲಿ ಹೂತುಹೋಗಿದ್ದರು. ನಡುವೆ ಕುಸಿದ ಗೋಡೆ, ಮಾತು ಕೇಳದು. ಮಾದು ಅನ್ನದ ಡಬ್ಬಿಯನ್ನು ಎರಡು ಸಲ ಬಡಿಯುತ್ತಿದ್ದ, ಇವನು ಎರಡು ಸಲ ಬಡಿಯುತ್ತಿದ್ದ. ಮೇಲೆ ತೋಪು ಹಾರುತ್ತಿದ್ದವು. ತೋಪಿನ ಸದ್ದು ಕೇಳುವ ತನಕ ಮೇಲೆ ನಮ್ಮವರು ಬದುಕಿದ್ದಾರೆ, ಡಬ್ಬಿಯ ಸದ್ದು ಕೇಳುವ ತನಕ ಮಾದು ಬದುಕಿದ್ದಾನೆ. ಮೂರನೆಯ ದಿನ ತೋಪು ನಿಂತವು. ಆಮೇಲೆ ಡಬ್ಬಿಯೂ ನಿಂತಿತು. ಇವನನ್ನು ಅಗೆದು ತೆಗೆದದ್ದು ಐದನೆಯ ದಿನ. ಅಗಸಿಯ ಮುಂದೆ ಪಟಾಕಿ ಸಿಡಿದಾಗ ಬಿದ್ದದ್ದು ಮೈಗೆ ಕಲಿತ ಪಾಠ, ಒಂದು ಗಳಿಗೆ ಬಿಟ್ಟಿದ್ದರೆ ತಾನೇ ಎದ್ದು ಮಗುವನ್ನು ಸಂತೈಸುತ್ತಿದ್ದ. ನಾವು ಅವನನ್ನು ಎತ್ತಿಕೊಂಡು ಹೋಗಿ ಅದೇ ನೆಲಮನೆಗೆ ಹಾಕಿದೆವು. ಹಾಕಿ, ಸಾಲದೆಂದು ಇಡೀ ಊರಿನ ಸದ್ದು ನಿಲ್ಲಿಸಿದೆವು.

ಹವಾಲ್ದಾರ ಕಾಕಾ ಕಿವಿಯ ಅರಳೆ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದರು. "ನನಗ ತೋಪಿನ ಸದ್ದ ಬ್ಯಾನಿ, ಅವಗ ಸದ್ದಿಲ್ಲದ್ದ ಬ್ಯಾನಿ" ಎಂದರು. "ನನ್ನ ಗುಳಿಗಿ ಅವಗ ನುಂಗಿಸಿದ್ನಿ, ತಂಗೀ." ಗೌಡರು ಹೊರಗೆ ಹೋಗಿ, ಕಟ್ಟೆಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತರು.

ದ್ಯಾಮಣ್ಣ ಈಗ ಹೊಳೆಯಾಚೆ ಇದ್ದಾನೆ. ಗೌಡರ ತೀರ್ಮಾನದಂತೆ ಒಬ್ಬನೇ ಅಲ್ಲ, ಹೆಂಡತಿ ಮಗಳ ಜೊತೆ. ತವರಿನವರು ಬಂದು ರೇಣವ್ವನನ್ನು ಕರೆದರು, ಅವಳು ಗಂಡನ ಟ್ರಂಕು ತಲೆ ಮೇಲೆ ಹೊತ್ತು ಅವರ ಮುಂದೆಯೇ ಹೊಳೆ ದಾಟಿದಳು. ಕಂಚುಗಾರರ ಓಣಿಯಲ್ಲಿ ಎರಡೂ ಕಡೆ ಸುತ್ತಿಗೆ ನಡೆಯುವ ಮನೆ ಹಿಡಿದಿದ್ದಾರೆ. ಅಲ್ಲಿ ಮಾತಾಡಬೇಕಾದರೆ ಕೂಗಬೇಕು, ನನಗೆ ಅರ್ಧ ತಾಸಿಗೇ ತಲೆ ಸಿಡಿಯುತ್ತದೆ. ಅವನು ಅಲ್ಲಿ ಮಧ್ಯಾಹ್ನ ಕಂಬಳಿ ಹಾಸಿ ಮಲಗುತ್ತಾನೆ. ಪೂರಾ ವಾಸಿಯಾಗಿದ್ದಾನೆ ಎಂದು ನಾನು ಹೇಳುವುದಿಲ್ಲ. ಅಮಾವಾಸ್ಯೆಯ ದಿನ ಕಂಚುಗಾರರು ಸುತ್ತಿಗೆ ಮುಟ್ಟುವುದಿಲ್ಲ, ಆ ದಿನ ಚಂಪಾ ಇಡೀ ಹೊತ್ತು ಅವನ ಬಳಿ ಕೂತು ತಟ್ಟೆ ಬಡಿಯುತ್ತಾಳೆ. ಎರಡು ಸಲ ಅವನು, ಎರಡು ಸಲ ಅವಳು. ನನ್ನನ್ನು ಕಂಡರೆ ತಟ್ಟೆ ಬೆನ್ನ ಹಿಂದೆ ಅಡಗಿಸುತ್ತಾಳೆ.

ನನ್ನ ಕಥೆ ಇಷ್ಟಕ್ಕೆ ಮುಗಿಯುವುದಿಲ್ಲ. ಗುಡ್ಡ ಕೊಟ್ಟದ್ದು ಮೊದಲ ದಿನದ ಕೂಗು ಮಾತ್ರ. ಅದರ ಮೇಲೆ ನಾನು ಅವನನ್ನು ಇನ್ನೂ ಹತ್ತೊಂಬತ್ತು ಸಲ ಇಳಿಸಿದ್ದೆ. ಪ್ರತಿ ಸಲವೂ ಗುಡ್ಡ ಎಚ್ಚರವಾಗಿತ್ತು, ಪ್ರತಿ ಸಲವೂ ಅವನು ಕೂಗಿರುತ್ತಾನೆ. ಹಳೆಯ ಹುರಿ ಹಿಡಿದು ಕೂತು, ಯಾವ ದಿನ ಯಾವ ಹೊತ್ತು ಎಂದು ನೆನೆನೆನೆದು ಹೊಸ ಹುರಿಗೆ ಹತ್ತೊಂಬತ್ತು ಗಂಟು ಹಾಕಿದೆ. ನಮ್ಮವ್ವ, ಅವಳವ್ವ, ಯಾರೂ ಹಾಕಿರದ ಗಂಟುಗಳು. ಬೇಕಾದರೆ ಆ ದಿನಗಳಲ್ಲಿ ನಾನು ಹೊಳೆ ದಾಟಿ ಸುತ್ತಿಗೆಗಳ ನಡುವೆ ಕೂರಬಹುದು, ಯಾರೂ ಬೇಡವೆನ್ನುವುದಿಲ್ಲ. ರೇಣವ್ವ ಬಾಯಿಬಿಟ್ಟು ಕರೆದಳು ಕೂಡ. ನಾನು ಹೋಗಲಿಲ್ಲ.

ಮೊದಲ ಗಂಟಿನ ದಿನ ಬೆಳಗ್ಗೆ ಎಂದಿನಂತೆ ಮನೆಮನೆಗೆ ಹೋದೆ. "ಇವತ್ತ ಹತ್ತ ಗಂಟೇಕ ನನ್ನ ತಮ್ಮ ಕೂಗ್ತಾನ. ನನ್ನನ್ನ ಕರದ ಕೂಗ್ತಾನ. ಬಾಗಲಾ ಹಾಕ್ಕೋಬ್ಯಾಡ್ರಿ" ಎಂದೆ. ಹತ್ತು ಗಂಟೆಗೆ ಅರ್ಧ ಊರು ಬಾಗಿಲು ಹಾಕಿಕೊಂಡಿತು, ಇನ್ನರ್ಧ ಬಂದು ನಮ್ಮ ಹಿತ್ತಲ ಗೋಡೆಯಾಚೆ ನಿಂತಿತು. ಹವಾಲ್ದಾರ ಕಾಕಾ ಒಳಗೆ ಬಂದು ನನ್ನ ಪಕ್ಕ ನಿಂತರು. ಹಗೇವಿನ ಬಾಯಿ ತೆರೆದಿತ್ತು. ಕಲ್ಲನ್ನು ಒಡೆಸಿ ಚೂರು ಮಾಡಿಸಿದ್ದೆ.

ಇವತ್ತಿಗೆ ಹನ್ನೊಂದು ಗಂಟು ಬಿಚ್ಚಿದ್ದಾಗಿದೆ, ಇನ್ನು ಎಂಟು ಉಳಿದಿವೆ. ಕೂಗು ಪ್ರತಿ ಸಲವೂ ಅದೇ. ನಡುನಡುವೆ ಬೇರೆ ಮಾತೂ ಇರುತ್ತದೆ, ಒಮ್ಮೆ ಚಂಪಾಳ ಹೆಸರು, ಒಮ್ಮೆ ನಮ್ಮವ್ವನ ಹೆಸರು. ಗುಡ್ಡ ಮಾತಾಡುವಾಗ ಬಾಯಿ ಬಿಡಬಾರದೆಂದು ಇಪ್ಪತ್ತೆರಡು ವರ್ಷ ಊರಿಗೆ ಹೇಳಿದವಳು ನಾನು. ಈಗ ಆ ದನಿ "ಅಕ್ಕಾ, ಕಲ್ಲು ತೆಗಿ" ಎಂದಾಗಲೆಲ್ಲ ಖಾಲಿ ಹಗೇವಿನ ಬಾಯಿಗೆ ಬಗ್ಗಿ, ಕೊರಳ ನರ ಬಿಗಿಯುವಂತೆ "ತಗದೇನಪಾ, ತಗದೇನಿ, ಮ್ಯಾಲೆ ಬಾ" ಎಂದು ಕೂಗುತ್ತೇನೆ. ಆ ಮಾತು ಮುಂದಿನ ವರ್ಷ ಇದೇ ದಿನ ಗುಡ್ಡದಿಂದ ಬರುತ್ತದೆ. ಅದಕ್ಕೂ ಒಂದು ಗಂಟು ಹಾಕಿಕೊಳ್ಳುತ್ತೇನೆ.